ನನ್ನ ಪುಸ್ತಕಯೋಗ

ಪುಸ್ತಕ ನೋಡಿ ಈಜು ಕಲಿಯಹೊರಟವನನ್ನು ಕಂಡರೆ ಲೋಕ ನಗುತ್ತದೆ. ಪುಸ್ತಕ ನೋಡಿ ಅಡಿಗೆ ಮಾಡುವ ಹೊಸ ಸೊಸೆಯನ್ನು ಕಂಡರೆ ಅತ್ತೆ ನಗುತ್ತಾಳೆ. ಆದರೆ ಪುಸ್ತಕ ನೋಡಿ ಯೋಗಾಸನ ಕಲಿಯಹೊರಟವನನ್ನು ಕಂಡು ಯಾರೂ ನಗುವುದಿಲ್ಲ; “ಒಳ್ಳೆಯದು, ಮಾಡಿ” ಎಂದು ಬೆನ್ನು ತಟ್ಟಿ ಕಳಿಸುತ್ತಾರೆ. ನಗಬೇಕಾದವರು ಆಗಲೇ ನಕ್ಕುಬಿಟ್ಟಿದ್ದರೆ ನನ್ನ ಬಲ ಮಂಡಿಗೆ ಈ ಗತಿ ಬರುತ್ತಿರಲಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ನಾನು ವೃತ್ತಿಯಿಂದ ಕನ್ನಡದ ಅಧ್ಯಾಪಕ. ವಯಸ್ಸು ಮೂವತ್ತೇಳು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ತಂದೆಯವರು ಗಿರಣಿಯ ಸಂಬಳದಲ್ಲಿ ಕಾಸಿಗೆ ಕಾಸು ಕೂಡಿಸಿ ಕಟ್ಟಿದ ಮನೆಯಲ್ಲಿ ಅವರೊಡನೆ, ಹೆಂಡತಿ ಮಗಳೊಡನೆ ವಾಸವಾಗಿದ್ದೇನೆ. ಬೆಳಗಿನಿಂದ ನಿಂತು ಪಾಠ ಹೇಳುವುದು, ಸಂಜೆಯಿಂದ ಕುಳಿತು ಉತ್ತರಪತ್ರಿಕೆ ತಿದ್ದುವುದು. ಇವೆರಡೇ ನನ್ನ ದೇಹಕ್ಕೆ ಗೊತ್ತಿದ್ದ ಆಸನಗಳು. ಭಾನುವಾರ ಬೆಳಿಗ್ಗೆ ಬೆಣ್ಣೆದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಇಂಥ ಊರಿನಲ್ಲಿ ಹುಟ್ಟಿದವನ ಹೊಟ್ಟೆ ಮೂವತ್ತೈದರ ನಂತರ ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುವುದು ಆಶ್ಚರ್ಯವೇನೂ ಅಲ್ಲ.

ವಿಶ್ವಸಂಸ್ಥೆಯವರು 2014ರಲ್ಲಿ ನಿರ್ಣಯ ಮಾಡಿ, 2015ರಿಂದ ಜೂನ್ 21ನೆಯ ದಿನವನ್ನು ಯೋಗದ ದಿನವೆಂದು ಜಗತ್ತಿಗೆಲ್ಲ ಗೊತ್ತುಮಾಡಿದರಷ್ಟೆ. ಅಂದು ನಮ್ಮ ಕಾಲೇಜಿನ ಅಂಗಳದಲ್ಲಿಯೂ ಜಮಖಾನ ಹಾಸುತ್ತಾರೆ. ಒಂದು ವರ್ಷ ಅಧ್ಯಾಪಕರೆಲ್ಲ ಮುಂದಿನ ಸಾಲಿನಲ್ಲಿ ನಿಲ್ಲತಕ್ಕದ್ದೆಂದು ಅಪ್ಪಣೆಯಾಯಿತು. “ಮುಂದಕ್ಕೆ ಬಾಗಿ ಕಾಲ್ಬೆರಳನ್ನು ಮುಟ್ಟಿ” ಎಂದರು. ನಾನು ಬಾಗಿದೆ. ನನ್ನ ಕೈ ಮಂಡಿಯವರೆಗೆ ಹೋಗಿ, ಮುಂದಿನ ದಾರಿ ತಿಳಿಯದ ಪಯಣಿಗನಂತೆ ಅಲ್ಲಿಯೇ ನಿಂತಿತು. ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ, ನನ್ನದೇ ತರಗತಿಯದು, “ಸರ್‌ಗೆ ಪೂರ್ವಾರ್ಧ ಬಂದೈತಿ, ಉತ್ತರಾರ್ಧ ಬಾಕಿ ಐತಿ” ಎಂದು ಪಿಸುಗುಟ್ಟಿದ್ದು ಕೇಳಿಸಿತು. ಹಳಗನ್ನಡ ಕಾವ್ಯವನ್ನು ಪೂರ್ವಾರ್ಧ ಉತ್ತರಾರ್ಧವೆಂದು ಬಿಡಿಸಿ ಹೇಳಿಕೊಟ್ಟವನು ನಾನೇ ಅಲ್ಲವೆ? ಸುಮ್ಮನಿದ್ದೆ.

ಅದೇ ತಿಂಗಳು ಸೊಂಟದ ನೋವಿಗೆಂದು ವೈದ್ಯರ ಬಳಿಗೆ ಹೋದಾಗ ಅವರು ರಕ್ತವನ್ನೂ ಪರೀಕ್ಷಿಸಿದರು. ಸಕ್ಕರೆಯ ಅಂಶ ಗಡಿಯ ಕಲ್ಲಿನ ಮೇಲೆ ನಿಂತಿದ್ದಿತು. “ಗುಳಿಗೆ ಈಗಲೇ ಬೇಡ. ಆರು ತಿಂಗಳು ಕೊಡುತ್ತೇನೆ. ನಡೆಯಿರಿ, ಬಾಗಿರಿ, ಏನಾದರೂ ಮಾಡಿ” ಎಂದರು. ಮನೆಗೆ ಬಂದು ಸುದ್ದಿ ತಿಳಿಸಿದಾಗ ನನ್ನ ಶ್ರೀಮತಿ ಏನೂ ಹೇಳಲಿಲ್ಲ. ಸಕ್ಕರೆಯ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿದಳು. ತಂದೆಯವರು ಮಾತ್ರ ನನ್ನನ್ನೇ ಬಹಳ ಹೊತ್ತು ನೋಡಿದರು. ಅವರು ಮೂವತ್ತು ವರ್ಷ ಹತ್ತಿ ಹಿಂಜುವ ವಿಭಾಗದಲ್ಲಿ ದುಡಿದವರು. ಊರಿನ ಗಿರಣಿಗಳ ಸಿಳ್ಳು ನಿಂತು ಎಷ್ಟೋ ವರ್ಷವಾದರೂ ಆ ಹತ್ತಿಯ ಧೂಳು ಅವರ ಎದೆಯಲ್ಲಿ ಇಂದಿಗೂ ಸಣ್ಣಗೆ ಸಿಳ್ಳು ಹಾಕುತ್ತಲೇ ಇದೆ. ದೇಹ ಕೆಡುವುದೆಂದರೇನೆಂದು ಆ ಮನೆಯಲ್ಲಿ ಬಲ್ಲವರು ಅವರೊಬ್ಬರೇ.

ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಸಲಹೆ ಕೊಟ್ಟ: “ಸರ್, ಮಾಡಿದರೆ ಅಷ್ಟಾಂಗ ಮಾಡಿ.” ಈ ಮಾತನ್ನು ನಮ್ಮ ಓಣಿಯಲ್ಲಿ ಹೇಳಿದಾಗ ಒಂದು ಶಬ್ದಕ್ಕೆ ಎಷ್ಟು ಅರ್ಥಗಳುಂಟೆಂದು ತಿಳಿಯಿತು. ಪಕ್ಕದ ಮನೆಯ ಅಜ್ಜಾರು, ಕಿವಿ ಸ್ವಲ್ಪ ಮಂದ, “ಅಷ್ಟಾವರಣ ಅಲ್ಲೇನು? ಬಾಳ ಚೊಲೊ. ಗುರು ಲಿಂಗ ಜಂಗಮ ಪಾದೋದಕ ಪ್ರಸಾದ ವಿಭೂತಿ ರುದ್ರಾಕ್ಷಿ ಮಂತ್ರ. ಮೊದಲು ಗುರುವಿನಿಂದ ಸುರು ಮಾಡಬೇಕು ನೋಡು” ಎಂದರು. ನಾನು ನಕ್ಕು ತಿದ್ದಿದೆ. ಅವರು ಹೇಳಿದ ಮೊದಲ ಶಬ್ದದಲ್ಲಿಯೇ ನನಗೆ ಬೇಕಾದ ಉತ್ತರವಿದ್ದಿತೆಂಬುದು ಹೊಳೆದದ್ದು ಎಷ್ಟೋ ತಿಂಗಳ ಮೇಲೆ.

ಸಂಸ್ಕೃತದ ಸಹೋದ್ಯೋಗಿಯೊಬ್ಬರು ಪತಂಜಲಿಯ ಅಷ್ಟಾಂಗವನ್ನು ವಿವರಿಸಿದರು: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಎಂಟರಲ್ಲಿ ಆಸನ ಮೂರನೆಯದು. ಅದರ ಬಗ್ಗೆ ಪತಂಜಲಿ ಹೇಳುವುದೂ ಬಹು ಸ್ವಲ್ಪ. ಅದು ಸ್ಥಿರವಾಗಿರಬೇಕು, ಸುಖವಾಗಿರಬೇಕು ಎಂದಿಷ್ಟೇ ಅದರ ಲಕ್ಷಣ. ನನ್ನ ವಿದ್ಯಾರ್ಥಿ ಹೇಳಿದ್ದು ಈ ಹೆಸರನ್ನೇ ಹೊತ್ತ ಮೈಸೂರಿನ ಪದ್ಧತಿ. ಅದರಲ್ಲಿ ಆಸನಗಳಿಗೆ ಕಟ್ಟುನಿಟ್ಟಾದ ಒಂದು ಕ್ರಮ. ಒಂದೊಂದು ಚಲನೆಗೂ ಒಂದೊಂದು ಉಸಿರು. ಕಣ್ಣು ಎಲ್ಲಿ ನೆಟ್ಟಿರಬೇಕೆಂಬುದಕ್ಕೂ ನಿಯಮ. ಉಸಿರಿಗೂ ಚಲನೆಗೂ ಗಂಟು ಹಾಕುವ ಈ ಏರ್ಪಾಟಿಗೆ ವಿನ್ಯಾಸವೆಂದು ಹೆಸರು. ಮೊದಲನೆಯ ಶ್ರೇಣಿಗೆ ಯೋಗಚಿಕಿತ್ಸೆಯೆಂದೇ ಕರೆಯುತ್ತಾರೆ. ಚಿಕಿತ್ಸೆ ಎಂಬ ಶಬ್ದ ಕೇಳಿದೊಡನೆ ನನ್ನ ಸೊಂಟ, ರಕ್ತ ಎರಡೂ ಒಪ್ಪಿಗೆ ಕೊಟ್ಟವು.

ಇನ್ನು ಕಲಿಯುವುದು ಹೇಗೆ? ಮನೆಯಿಂದ ಹತ್ತು ನಿಮಿಷದ ಹಾದಿಯಲ್ಲಿ ಯೋಗದ ತರಗತಿಯಿದೆ. ಆದರೆ ಆ ತರಗತಿಗೆ ಹಿಂದಿನ ಸಾಲಿನ ಆ ಹೆಣ್ಣುದನಿಯೂ ಬರುತ್ತದೆಂದು ತಿಳಿಯಿತು. ಬೆಳಿಗ್ಗೆ ಆರಕ್ಕೆ ಆಕೆಯ ಎದುರು ಬಾಗಲಾರದೆ ನಿಂತು, ಹತ್ತಕ್ಕೆ ಆಕೆಗೆ ಛಂದಸ್ಸು ಹೇಳುವುದು ನನ್ನಿಂದಾಗದು. ಅಭಿಮಾನವೆಂಬುದು ಕೀಲುಗಳಿಗಿಂತ ಬಿಗಿಯಾದದ್ದು. ಅಲ್ಲದೆ ನಾನು ಪುಸ್ತಕದ ಮನುಷ್ಯ. ವ್ಯಾಕರಣವನ್ನೂ ಮದುವೆಯ ಶಾಸ್ತ್ರವನ್ನೂ ಹಸುಗೂಸಿನ ಆರೈಕೆಯನ್ನೂ ಪುಸ್ತಕದಿಂದ ತಿಳಿದವನಿಗೆ ಕಾಲು ಮಡಚುವುದೇನು ಮಹಾ ವಿದ್ಯೆ!

ಮೊದಲು ಕೊಂಡ ಪುಸ್ತಕದ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅದನ್ನು ಬರೆದವರ ಮೇಲೆ ನನಗೆ ದ್ವೇಷವಿಲ್ಲ. ನುಣುಪಾದ ಹಾಳೆ, ಕಣ್ಣು ಕೋರೈಸುವ ಬಣ್ಣ, ಪುಟಕ್ಕೊಂದು ಸಮುದ್ರತೀರ, ಆ ತೀರದಲ್ಲಿ ಎಲುಬಿಲ್ಲದವನಂತೆ ಬಳುಕುವ ಒಬ್ಬ ತರುಣ. ಪ್ರತಿಯೊಂದು ಆಸನಕ್ಕೂ ಒಂದೇ ಚಿತ್ರ. ಅದೂ ಕಟ್ಟಕಡೆಯ ಸ್ಥಿತಿಯದು. ಕೆಳಗೆ ಆ ಆಸನದಿಂದ ದೂರವಾಗುವ ರೋಗಗಳ ಪಟ್ಟಿ. ಪಟ್ಟಿ ಎಷ್ಟು ಉದ್ದವಾಗಿದ್ದಿತೆಂದರೆ, ಆಸನ ಮಾಡುವ ಬಗೆಯನ್ನು ಹೇಳಲು ಸ್ಥಳವೇ ಉಳಿದಿರಲಿಲ್ಲ. ಹೊಸಬರಿಗಾಗಿ ಎಂದು ಮುಖಪುಟದ ಮೇಲೆ ಅಚ್ಚಾಗಿತ್ತು. ನಾನು ಹೊಸಬ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆಂದು ನನಗೆ ತೋರಲಿಲ್ಲ.

ದಸರೆಯ ರಜೆಯ ಒಂದು ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ, ಪುಸ್ತಕವನ್ನು ಎದುರಿಗಿಟ್ಟು, ಅದು ತಾನಾಗಿ ಮುಚ್ಚಿಕೊಳ್ಳದಂತೆ ಮೇಲೆ ಲಟ್ಟಣಿಗೆಯನ್ನಿರಿಸಿ ಆರಂಭಿಸಿದೆ. ಸೂರ್ಯನಮಸ್ಕಾರ ಹೇಗೋ ಮುಗಿಯಿತು. ನಿಂತು ಮಾಡುವ ಆಸನಗಳು ಬಂದವು. ಅವುಗಳ ನಡುವೆ ಅರ್ಧಬದ್ಧ ಪದ್ಮೋತ್ತಾನಾಸನವೆಂಬುದೊಂದಿದೆ. ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಪಾದವನ್ನು ತೊಡೆಯ ಮೂಲಕ್ಕೇರಿಸಿ, ಬೆನ್ನ ಹಿಂದಿನಿಂದ ಕೈ ತಂದು ಆ ಪಾದವನ್ನು ಹಿಡಿದು, ಬಾಗತಕ್ಕದ್ದು. ಚಿತ್ರದ ತರುಣ ಮುಗುಳ್ನಗುತ್ತಿದ್ದ. ನಾನೂ ಮುಗುಳ್ನಗುತ್ತಲೇ ಬಲ ಪಾದವನ್ನು ಎರಡು ಕೈಯಿಂದ ಹಿಡಿದು ಮೇಲಕ್ಕೆಳೆದೆ. ಮಂಡಿಯೊಳಗೆ ಒಣಕಡ್ಡಿ ಮುರಿದಂತೆ ಸದ್ದಾಯಿತು. ಪಾದ ಮೇಲಿತ್ತು, ಕೆಳಗಿಳಿಸಲು ಹೋದರೆ ಪ್ರಾಣ ಹೋಗುವ ನೋವು. ಗೋಡೆಗೊರಗಿ, ಒಂಟಿಗಾಲ ಕೊಕ್ಕರೆಯಂತೆ ನಿಂತು ಕೂಗಿದೆ.

ಅಡಿಗೆಮನೆಯಿಂದ ಓಡಿ ಬಂದ ಶ್ರೀಮತಿ ಮೊದಲು ಕೇಳಿದ್ದು, “ಲಟ್ಟಣಿಗೆ ಯಾಕ್ರಿ ಇಲ್ಲಿ?” ಎಂದು. ತಂದೆಯವರು ನಿಧಾನವಾಗಿ ಬಂದು, ನನ್ನ ಭುಜಕ್ಕೆ ಹೆಗಲು ಕೊಟ್ಟು, ಪಾದವನ್ನು ಅಂಗುಲ ಅಂಗುಲವಾಗಿ ಇಳಿಸಿದರು. ಆಮೇಲೆ ಪುಸ್ತಕದ ಕಡೆ ನೋಡಿ ಒಂದು ಮಾತು ಹೇಳಿದರು:

“ಅದ್ರಾಗ ಕಾಲು ಮಡಚೋದು ಬರದಾರ. ಬಿಚ್ಚೋದು ಬರದಾರೇನು?”

ನೋಡಿದೆ. ಬರೆದಿರಲಿಲ್ಲ.

ಮೂರು ವಾರ ಕುಂಟಿದೆ. ಮಂಡಿಯ ವೈದ್ಯರು ನನಗೊಂದು ಸಣ್ಣ ಪಾಠ ಹೇಳಿದರು: ಮಂಡಿಯೆಂಬುದು ಬಾಗಿಲಿನ ತಿರುಗಣಿಯಂತೆ, ಮುಖ್ಯವಾಗಿ ಮಡಚುತ್ತದೆ, ಬಿಚ್ಚುತ್ತದೆ; ತಿರುಗಬೇಕಾದುದು ಮೇಲಿನ ತೊಡೆಯ ಕೀಲು. ಕುರ್ಚಿಯಲ್ಲಿ ಕುಳಿತು ಕುಳಿತು ತೊಡೆಯ ಕೀಲು ಬಿಗಿದವನು ಪದ್ಮಾಸನಕ್ಕೆ ಪಾದವನ್ನು ಎಳೆದರೆ, ಆ ತಿರುಚುವಿಕೆಯನ್ನೆಲ್ಲ ಪಾಪ ಮಂಡಿಯೇ ಹೊರಬೇಕಾಗುತ್ತದೆ. ಈ ನಾಲ್ಕು ವಾಕ್ಯ ಆ ನುಣುಪು ಹಾಳೆಯ ಒಂದು ಮೂಲೆಯಲ್ಲಿ ಇದ್ದಿದ್ದರೆ ಸಾಕಾಗಿತ್ತು. ಒಂದು ಸಮುದ್ರತೀರ ಕಡಿಮೆಯಾಗುತ್ತಿತ್ತು, ಅಷ್ಟೆ.

ಕಾಲು ನೀಡಿ ಮಲಗಿದ ಆ ದಿನಗಳಲ್ಲಿ ನನ್ನೊಳಗಿನ ಅಧ್ಯಾಪಕ ಎಚ್ಚತ್ತ. ಕಾವ್ಯ ಓದುವ ಮುನ್ನ ಪಾಠಾಂತರ, ಕವಿಯ ಕಾಲದೇಶ ಎಂದೆಲ್ಲ ವಿಚಾರಿಸುವವನು ಯೋಗದ ಪುಸ್ತಕವನ್ನು ಮುಖಪುಟ ನೋಡಿ ಕೊಂಡೆನಲ್ಲ! ಈ ವಿದ್ಯೆಯ ಮೂಲಗ್ರಂಥಗಳು ಯಾವುವೆಂದು ಹುಡುಕಹೊರಟೆ. ಸಿಕ್ಕ ಸಂಗತಿಗಳು ನನ್ನನ್ನು ನಾಚಿಸಿದವು. ಈ ಪರಂಪರೆಯ ಆಚಾರ್ಯರಾದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. 1997ರವರೆಗೆ ನಮ್ಮ ದಾವಣಗೆರೆಯೂ ಆ ಜಿಲ್ಲೆಯದೇ ಅಲ್ಲವೆ? ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಅವರು 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ‘ಯೋಗಮಕರಂದ’ವನ್ನು, 1941ರಲ್ಲಿ ‘ಯೋಗಾಸನಗಳು’ ಎಂಬುದನ್ನು ಬರೆದರು. ಬರೆದದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಎರಡನೆಯ ಪುಸ್ತಕದಲ್ಲಿ ಆಸನಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿ, ಒಂದೊಂದಕ್ಕೂ ವಿನ್ಯಾಸಗಳೆಷ್ಟೆಂದು ಲೆಕ್ಕದ ಪಟ್ಟಿಯನ್ನೇ ಕೊಟ್ಟಿದ್ದಾರೆ.

ಅವರ ಶಿಷ್ಯರಲ್ಲಿ ಒಬ್ಬರು ಹಾಸನದ ಬಳಿಯ ಕೌಶಿಕ ಗ್ರಾಮದ ಕೆ. ಪಟ್ಟಾಭಿ ಜೋಯಿಸರು. 1915ರಲ್ಲಿ ಹುಟ್ಟಿದ ಅವರು 1927ರಲ್ಲಿ, ಹನ್ನೆರಡರ ಹುಡುಗನಾಗಿ, ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನವನ್ನು ಕಂಡು ಬೆರಗಾಗಿ ಶಿಷ್ಯರಾದರು. 1937ರಿಂದ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸಿದರು. 1948ರಲ್ಲಿ ಲಕ್ಷ್ಮೀಪುರದ ತಮ್ಮ ಮನೆಯಲ್ಲಿಯೇ ಅಷ್ಟಾಂಗ ಯೋಗದ ಸಂಸ್ಥೆಯನ್ನು ಸ್ಥಾಪಿಸಿದರು. 1964ರಲ್ಲಿ ಬೆಲ್ಜಿಯಂ ದೇಶದ ಆಂದ್ರೆ ವಾನ್ ಲಿಸ್‌ಬೆತ್ ಎಂಬವರು ಬಂದು ಕಲಿತು ಹೋದ ಮೇಲೆ ಪರದೇಶದವರ ಸಾಲು ಹತ್ತಿತು. ಜೋಯಿಸರು 2009ರಲ್ಲಿ ಕಾಲವಾದರು. ಅವರು ಬರೆದ ಕೈಪಿಡಿ ‘ಯೋಗಮಾಲಾ’. 1958ರ ಸುಮಾರಿಗೆ ಬರೆದು 1962ರಲ್ಲಿ ಅಚ್ಚಾದದ್ದು. ಅದೂ ಕನ್ನಡವೇ. ಇಂಗ್ಲಿಷ್ ಅನುವಾದ ಬಂದದ್ದು 1999ರಲ್ಲಿ. ಎಂದರೆ ಮೂವತ್ತೇಳು ವರ್ಷ ಕಾಲ ಈ ಪುಸ್ತಕ ಕನ್ನಡಿಗರ ಸ್ವಂತ ಸೊತ್ತಾಗಿದ್ದಿತು. ನಾನೋ, ಕನ್ನಡದಲ್ಲಿ ಎಂ.ಎ. ಮಾಡಿದವನು, ಕಡಲಾಚೆಯ ತರುಣನ ಮುಗುಳ್ನಗೆಯನ್ನು ನಂಬಿ ಮಂಡಿ ಮುರಿದುಕೊಂಡೆ.

ಇನ್ನೊಂದು ಸ್ವಾರಸ್ಯವುಂಟು. ಈ ಪದ್ಧತಿಗೆಲ್ಲ ಆಧಾರವೆಂದು ಆ ಪರಂಪರೆಯವರು ಹೇಳುವುದು ‘ಯೋಗ ಕೊರುಂಟ’ ಎಂಬ ಒಂದು ತಾಳೆಗರಿಯ ಗ್ರಂಥವನ್ನು. ಅದನ್ನು ಇರುವೆಗಳು ತಿಂದುಹಾಕಿದವೆಂದು ಪ್ರತೀತಿ. ಅದರ ಪ್ರತಿಯನ್ನು ಇಂದಿನ ವಿದ್ವಾಂಸರಾರೂ ಕಂಡಿಲ್ಲ. ಅತ್ಯುತ್ತಮ ಪುಸ್ತಕವನ್ನು ಹುಡುಕುವವನ ಪಾಲಿಗೆ ಇದಕ್ಕಿಂತ ವಿನೋದವುಂಟೆ? ಪುಸ್ತಕ ಇರುವೆಯ ಹೊಟ್ಟೆ ಸೇರಿತು. ವಿದ್ಯೆ ಮಾತ್ರ ಗುರುವಿನ ಬಾಯಿಂದ ಶಿಷ್ಯನ ಮೈಗೆ ಬಂದು ಉಳಿಯಿತು.

ಸಂಸ್ಕೃತದ ಸಹೋದ್ಯೋಗಿಯ ಮನೆಯ ಅಟ್ಟದಲ್ಲಿ ‘ಯೋಗಮಾಲಾ’ದ ಹಳೆಯ ಪ್ರತಿ ಸಿಕ್ಕಿತು. ಬಣ್ಣವಿಲ್ಲ, ಸಮುದ್ರವಿಲ್ಲ. ಆಸನಕ್ಕೆ ಬರುವ ಮೊದಲೇ ಯಮನಿಯಮಗಳ ವಿವರಣೆ. ಆಮೇಲೆ ಲೆಕ್ಕ. ಸೂರ್ಯನಮಸ್ಕಾರದಲ್ಲಿ ಎರಡು ಬಗೆ; ಮೊದಲನೆಯದಕ್ಕೆ 9 ವಿನ್ಯಾಸ, ಎರಡನೆಯದಕ್ಕೆ 17. ಯಾವ ಚಲನೆಗೆ ಪೂರಕ, ಯಾವುದಕ್ಕೆ ರೇಚಕ, ಎಂದರೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಸ್ಪಷ್ಟ. ಪಶ್ಚಿಮೋತ್ತಾನಾಸನದ ಪುಟಕ್ಕೆ ಬಂದಾಗ ನಾನು ಎದ್ದು ಕುಳಿತೆ. ಅದಕ್ಕೆ ಒಟ್ಟು 16 ವಿನ್ಯಾಸ. ಆಸನದ ಸ್ಥಿತಿ 9ನೆಯದು. ಹಾಗಾದರೆ ಉಳಿದ ಏಳು? ಉಳಿದ ಏಳೂ ಹಿಂದಿರುಗುವ ದಾರಿ! ತಂದೆಯವರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಕಾಲು ಮಡಚುವುದಕ್ಕೆ ಎಷ್ಟು ಲೆಕ್ಕವೋ ಬಿಚ್ಚುವುದಕ್ಕೂ ಹೆಚ್ಚುಕಡಮೆ ಅಷ್ಟೇ ಲೆಕ್ಕ.

ಆದರೆ ಈ ಪುಸ್ತಕವೂ ಹೊಸಬನ ಮಟ್ಟಿಗೆ ಪೂರ್ಣವೆಂದು ಹೇಳಲಾರೆ. ಅದು ಗುರು ಪಕ್ಕದಲ್ಲಿ ಇದ್ದಾನೆಂದು ಭಾವಿಸಿಯೇ ಬರೆದ ಪುಸ್ತಕ. ಗುರುಮುಖವಾಗಿಯೇ ಕಲಿಯಬೇಕೆಂದು ಒತ್ತಿ ಹೇಳುತ್ತದೆ. ಕೈ ಕಾಲಿಗೆ ಮುಟ್ಟದವನು ಏನು ಮಾಡಬೇಕೆಂಬ ಪ್ರಶ್ನೆಗೆ ಅಲ್ಲಿ ಹೆಚ್ಚು ಸಮಾಧಾನವಿಲ್ಲ. ಆ ಕೊರತೆಯನ್ನು ತುಂಬುವ ಪುಸ್ತಕಗಳೂ ಇವೆ. ಅಮೆರಿಕದ ಡೇವಿಡ್ ಸ್ವೆನ್ಸನ್ ಎಂಬವರು 1999ರಲ್ಲಿ ಹೊರತಂದ ಇಂಗ್ಲಿಷ್ ಕೈಪಿಡಿಯಲ್ಲಿ ಪ್ರತಿ ಆಸನಕ್ಕೂ ಬಾಗದವರಿಗಾಗಿ ಸುಲಭದ ಬಗೆಗಳಿವೆ. ಅದರ ಬೆನ್ನಿಗೆ ತಂತಿಯ ಸುರುಳಿ ಹಾಕಿರುವುದರಿಂದ ನೆಲದ ಮೇಲೆ ಅಂಗಾತ ಬಿದ್ದುಕೊಳ್ಳುತ್ತದೆ, ಲಟ್ಟಣಿಗೆಯ ಗೊಡವೆಯಿಲ್ಲ. ನಗಬೇಡಿ, ಯೋಗದ ಪುಸ್ತಕಕ್ಕೆ ಇದು ವ್ಯಾಕರಣಶುದ್ಧಿಯಷ್ಟೇ ಮುಖ್ಯವಾದ ಗುಣ.

ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯರು, ಅವರ ಪತ್ನಿಯ ತಮ್ಮಂದಿರು, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು. 1966ರಲ್ಲಿ ಲಂಡನ್ನಿನಿಂದ ಪ್ರಕಟವಾದ ಅವರ ‘ಲೈಟ್ ಆನ್ ಯೋಗ’ ಬೇರೆ ಕ್ರಮದ್ದು. ಮೈಸೂರಿನ ಶ್ರೇಣಿಯನ್ನು ಅದರಲ್ಲಿ ಹುಡುಕಬಾರದು. ಆದರೆ ಆರುನೂರರಷ್ಟು ಚಿತ್ರಗಳುಳ್ಳ ಆ ಗ್ರಂಥದಲ್ಲಿ ಹೊಸಬ ಕಲಿಯಬೇಕಾದ ವಿವೇಕವೊಂದಿದೆ. ಪ್ರತಿ ಆಸನದ ಮುಂದೆ ಅದರ ಕಷ್ಟವೆಷ್ಟೆಂದು ಅಂಕಿ ಹಾಕಿದ್ದಾರೆ; ಕೊನೆಯಲ್ಲಿ 300 ವಾರಗಳ ಪಾಠಕ್ರಮ ಕೊಟ್ಟಿದ್ದಾರೆ. ಮುನ್ನೂರು ವಾರವೆಂದರೆ ಸುಮಾರು ಆರು ವರ್ಷ! ನಾನು ದಸರೆಯ ರಜೆಯಲ್ಲಿ ಮುಗಿಸಲು ಹೊರಟಿದ್ದೆ.

ಹೀಗೆ ಓದಿ, ನೊಂದು, ಅಷ್ಟಾಂಗದ ದಾರಿಗೆ ಹೊಸದಾಗಿ ಬರುವವರು ಅಂಗಡಿಯಲ್ಲಿ ನಿಂತು ಪುಸ್ತಕವನ್ನು ಪರೀಕ್ಷಿಸಬೇಕಾದ ಬಗೆಯನ್ನು ನಾನೇ ಗೊತ್ತುಮಾಡಿಕೊಂಡೆ. ಮಹನೀಯರೇ, ನಿಮಗೂ ಉಪಯೋಗಕ್ಕೆ ಬಂದೀತು. ಮೊದಲನೆಯದಾಗಿ, ಆಸನದೊಳಕ್ಕೆ ಹೋಗುವ ದಾರಿಯಷ್ಟೇ ಹೊರಗೆ ಬರುವ ದಾರಿಯನ್ನೂ ಅದು ಹೇಳುತ್ತದೆಯೆ ನೋಡಿ. ಎರಡನೆಯದಾಗಿ, ಉಸಿರಿನ ಲೆಕ್ಕವಿದೆಯೆ ನೋಡಿ. ಉಸಿರಿಲ್ಲದ ಅಷ್ಟಾಂಗ ತಾಳವಿಲ್ಲದ ಹಾಡು. ಮೂರನೆಯದಾಗಿ, ಆಗದವನಿಗೆ ಏನು ಹೇಳುತ್ತದೆಂಬುದನ್ನು ಹುಡುಕಿ. ಎಲ್ಲರಿಗೂ ಎಲ್ಲವೂ ಆಗುತ್ತದೆಂದು ಬರೆದಿದ್ದರೆ ಮೆಲ್ಲಗೆ ಕೆಳಗಿಡಿ. ನಾಲ್ಕನೆಯದಾಗಿ, ರೋಗಗಳ ಪಟ್ಟಿ ಎಷ್ಟು ಉದ್ದವೋ ಅಷ್ಟು ಅನುಮಾನಪಡಿ. ಯಾರು ಮಾಡಬಾರದು, ಯಾವಾಗ ನಿಲ್ಲಿಸಬೇಕು, ಎಂದು ವೈದ್ಯರನ್ನು ಕೇಳಬೇಕು ಎಂಬ ಮಾತು ಎಲ್ಲಿದೆಯೆಂದು ನೋಡಿ. ಐದನೆಯದಾಗಿ, ಬರೆದವರು ಯಾರಿಂದ ಕಲಿತರೆಂದು ವಿಚಾರಿಸಿ. ಕಡೆಯದಾಗಿ, ಪುಸ್ತಕ ನೆಲದ ಮೇಲೆ ತೆರೆದುಕೊಂಡು ಮಲಗುತ್ತದೆಯೆ, ಅಕ್ಷರ ಮೂರಡಿ ದೂರಕ್ಕೆ ಕಾಣುತ್ತದೆಯೆ ಎಂದು ನೋಡಿಕೊಳ್ಳಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಮೈಸೂರಿನಲ್ಲಿ ಗುರು ಒಂದು ಆಸನ ಕೊಡುತ್ತಾನೆ. ಅದು ಮೈಗೂಡಿದ ಮೇಲೆ ಇನ್ನೊಂದು. ಪುಸ್ತಕವೋ ಉದಾರಿ, ಕೊಂಡ ದಿನವೇ ಎಲ್ಲವನ್ನೂ ಕೊಟ್ಟುಬಿಡುತ್ತದೆ. ಅದು ಕೊಟ್ಟದ್ದನ್ನೆಲ್ಲ ತೆಗೆದುಕೊಳ್ಳದ ಜಿಪುಣತನವನ್ನು ಓದುವವನೇ ಕಲಿಯಬೇಕು. ಅದನ್ನು ನನಗೆ ಕಲಿಸಿದ್ದು ಅಚ್ಚಾದ ಪುಸ್ತಕವಲ್ಲ.

ಮಂಡಿ ವಾಸಿಯಾಗಿ, ವೈದ್ಯರ ಅಪ್ಪಣೆ ಪಡೆದು ಮತ್ತೆ ಚಾಪೆ ಹಾಸಿದ ಹಿಂದಿನ ರಾತ್ರಿ ತಂದೆಯವರು ತಮ್ಮ ಪೆಟ್ಟಿಗೆಯಿಂದ ಬಟ್ಟೆಯ ಬೆನ್ನಿನ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. ಒಳಗೆ ಪೆನ್ಸಿಲಿನಿಂದ ಬರೆದ ಕಡ್ಡಿಯಂಥ ಮನುಷ್ಯರು. ಬಾಗಿದವರು, ಮಲಗಿದವರು, ಕಾಲೆತ್ತಿದವರು. 1969ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಅವರು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಹೋಗಿ ರಾಘವೇಂದ್ರ ಸ್ವಾಮೀಜಿಯವರ ಶಿಬಿರದಲ್ಲಿ ಯೋಗ ಕಲಿತು ಬಂದವರಂತೆ! 1943ರಲ್ಲಿ ಅಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, 1996ರಲ್ಲಿ ಕಾಲವಾಗುವವರೆಗೆ ನಾಡಿನ ಸಾವಿರಾರು ಜನರಿಗೆ ಯೋಗ ಕಲಿಸಿದ ಆ ‘ತಿರುಕ’ರ ಹೆಸರನ್ನು ನಾನು ಬಲ್ಲೆ, ಕಾವ್ಯನಾಮವೆಂದು ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೇನೆ. ನನ್ನ ತಂದೆಯೇ ಅವರ ಎದುರು ಕುಳಿತಿದ್ದರೆಂಬುದು ಮೂವತ್ತೇಳು ವರ್ಷ ನನಗೆ ತಿಳಿದಿರಲಿಲ್ಲ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಪ್ರತಿ ಪುಟದಲ್ಲಿಯೂ ತಾರೀಖು, ಮಾಡಿದ ಆಸನಗಳು, ಕೊನೆಯಲ್ಲಿ ಒಂದೇ ವಾಕ್ಯ: “ಇವತ್ತಿಗೆ ಇಷ್ಟು ಸಾಕು.” ಕೆಲವು ದಿನ ಎರಡೇ ಆಸನ, ಆದರೂ ಇಷ್ಟು ಸಾಕು. 1973ರ ಒಂದು ಪುಟದಲ್ಲಿ ಬರಹ ನಿಂತಿದ್ದಿತು. ಆಮೇಲೆ ಬಿಳಿಯ ಹಾಳೆಗಳು.

“ಇಲ್ಲಿಗೆ ಯಾಕೆ ನಿಂತಿತು ಅಪ್ಪಾಜಿ?” ಎಂದೆ.

“ರಾತ್ರಿ ಪಾಳಿ ಹಾಕಿದ್ರಪ್ಪ. ಆಮೇಲೆ ನಿಮ್ಮ ಅತ್ತೆಯರ ಮದುವಿ. ಆಮೇಲೆ ಮನಿ. ಆಮೇಲೆ ಉಸಿರೇ ಸಾಲಲಿಲ್ಲ” ಎಂದರು. ದೂರುವ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ.

ಮರುದಿನದಿಂದ ನಮ್ಮ ನಡುಮನೆಯ ಪಾಠ ಹೊಸ ರೀತಿಯಲ್ಲಿ ಆರಂಭವಾಯಿತು. ತಲೆ ಕೆಳಗಾಗಿ ಬಾಗಿದವನು ಪುಸ್ತಕ ಓದಲಾರನಷ್ಟೆ. ಆದುದರಿಂದ ಮೂರನೆಯ ತರಗತಿಯ ನನ್ನ ಮಗಳು ‘ಯೋಗಮಾಲಾ’ ಹಿಡಿದು ವಿನ್ಯಾಸಗಳನ್ನು ಗಟ್ಟಿಯಾಗಿ ಎಣಿಸುತ್ತಾಳೆ: ಏಕಂ, ದ್ವೇ, ತ್ರೀಣಿ. ‘ನವ’ಕ್ಕೆ ಬಂದಾಗ ಒಮ್ಮೊಮ್ಮೆ ಜಡೆಯ ರಿಬ್ಬನ್ನು ಸರಿಮಾಡಿಕೊಳ್ಳಲು ನಿಂತುಬಿಡುತ್ತಾಳೆ, ನಾನು ಬಾಗಿದವನು ಬಾಗಿಯೇ ಇರುತ್ತೇನೆ. ಅಜ್ಜ ಕುರ್ಚಿಯಲ್ಲಿ ಕುಳಿತು ನನ್ನ ಮುಖ ನೋಡುತ್ತಾರೆ. ಹಲ್ಲು ಕಚ್ಚಿದರೆ “ಬಿಡು”, ಉಸಿರು ಕಟ್ಟಿದರೆ “ಸಾಕು”. ಮೊದಲ ತಿಂಗಳು ಸೂರ್ಯನಮಸ್ಕಾರದ ಆಚೆಗೆ ಬಿಡಲಿಲ್ಲ. ಪದ್ಮದ ಆಸನಗಳಿಗಂತೂ ಇನ್ನೂ ಅಪ್ಪಣೆಯಾಗಿಲ್ಲ. ಮಂಡಿ ಬಗ್ಗಿಸಿಯೇ ಬಾಗು ಎಂದರು. ಈಗ ಕೈ ಕಣಕಾಲನ್ನು ಮುಟ್ಟುತ್ತದೆ.

ಮೂರು ತಿಂಗಳಾದ ಮೇಲೆ ಅವರೇ ಹೇಳಿದರು: “ನಾ ಕಲಿತದ್ದು ಬ್ಯಾರೆ, ಇದು ಬ್ಯಾರೆ. ಗೊತ್ತಿದ್ದವರ ಹತ್ರ ಹೋಗು. ನಾಚಿಗಿ ಬ್ಯಾಡ.” ಹೋದೆ. ತರಗತಿಯ ಮೂಲೆಯಲ್ಲಿ ಆ ಹೆಣ್ಣುದನಿ ಇದ್ದಿತು. ಆಕೆ ನಕ್ಕಳು, ಆದರೆ ನಮಸ್ಕಾರ ಮಾಡಿ ನಕ್ಕಳು. ಒಂದೆರಡು ದಿನದಲ್ಲಿಯೇ ಶಿಕ್ಷಕರು ನನ್ನ ಹೆಗಲನ್ನು ಒಂದಂಗುಲ ಸರಿಸಿದರು. ಆ ಒಂದಂಗುಲ ನಾನು ಓದಿದ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆದರೆ ಅವರು ಹೇಳಿದ ಲೆಕ್ಕ ನನಗೆ ಆಗಲೇ ಗೊತ್ತಿದ್ದಿತು. ಅದು ಪುಸ್ತಕದ ಪುಣ್ಯ. ಹರಿಹರದ ಗುಡಿಯ ಮೂರ್ತಿಯಲ್ಲಿ ಅರ್ಧ ಹರಿ, ಅರ್ಧ ಹರ. ಯಾರು ಹೆಚ್ಚೆಂದು ಕೇಳುವವರು ಆ ಗುಡಿಗೆ ಹೋಗುವುದಿಲ್ಲ. ಪುಸ್ತಕಕ್ಕೂ ಗುರುವಿಗೂ ನಡುವಿನ ಜಗಳವೂ ಹಾಗೆಯೇ ಎಂದು ಈಗ ನನಗೆ ತೋರುತ್ತದೆ.

ಆರು ತಿಂಗಳ ಗಡುವು ಮುಗಿದಾಗ ರಕ್ತದ ಸಕ್ಕರೆ ಗಡಿಗಲ್ಲಿನಿಂದ ಸ್ವಲ್ಪ ಈಚೆ ಸರಿದಿತ್ತು. ಅದು ಆಸನದಿಂದಲೋ, ಕುಂದವಾಡ ಕೆರೆಯ ಸುತ್ತ ನಡೆದದ್ದರಿಂದಲೋ, ಮೇಲಿನ ಗೂಡಿಗೇರಿದ ಡಬ್ಬಿಯಿಂದಲೋ ನಾನು ಹೇಳಲಾರೆ. ಅಪ್ಪಾಜಿಯವರ ಎದೆಯ ಸಿಳ್ಳೂ ನಿಂತಿಲ್ಲ; ಅವರ ಔಷಧವೂ ನಿಂತಿಲ್ಲ. ಆದರೆ ಮೊಮ್ಮಗಳು ಎಣಿಸುವಾಗ ಅವರೂ ಕುರ್ಚಿಯಲ್ಲಿ ಕುಳಿತಲ್ಲಿಯೇ ಪೂರಕಕ್ಕೆ ಉಸಿರು ತೆಗೆದುಕೊಳ್ಳುತ್ತಾರೆ, ರೇಚಕಕ್ಕೆ ಬಿಡುತ್ತಾರೆ. ಬಾಗಿದ ನನ್ನ ಕಿವಿಗೆ ಆ ಸಣ್ಣ ಸಿಳ್ಳು ಲೆಕ್ಕಕ್ಕೆ ಸರಿಯಾಗಿ ಕೇಳಿಸುತ್ತದೆ.

ಮೊನ್ನೆ ಪಾಠ ಮುಗಿದ ಮೇಲೆ ಅವರು ಆ ಹಳೆಯ ಲೆಕ್ಕದ ಪುಸ್ತಕವನ್ನು ನನ್ನ ಕಡೆಗೆ ನೂಕಿ, “ಹಾಳಿ ಖಾಲಿ ಬಿದ್ದಾವ. ಇನ್ನು ನೀ ಬರಿ” ಎಂದರು. 1973ರ ಪುಟವನ್ನು ಮಗುಚಿ ಅಂದಿನ ತಾರೀಖು ಹಾಕಿದೆ. ಸೂರ್ಯನಮಸ್ಕಾರ ಐದು, ನಿಂತು ಮಾಡುವ ಆಸನ ನಾಲ್ಕು, ಪಶ್ಚಿಮೋತ್ತಾನ ಅರ್ಧ ಎಂದು ಬರೆದೆ. ಇನ್ನೇನು ಬರೆಯಲೆಂದು ಅವರ ಮುಖ ನೋಡಿದೆ.

ಅವರು ಏನೂ ಹೇಳಲಿಲ್ಲ. ನಾನೇ ಬರೆದೆ: ಇವತ್ತಿಗೆ ಇಷ್ಟು ಸಾಕು.